ಚಂದ್ರನಲ್ಲಿ ನೀರು ಕಂಡವರಿಗೆ ಕೋಲಾರದ ನೀರು ಕಾಣದೇ?

ಪ್ರಶ್ನೆ: ನಾನು ಶ್ರೀನಿವಾಸಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಚಂದ್ರಯಾನದ ಬಗ್ಗೆ ಪಾಠ ಮಾಡುತ್ತಿದ್ದಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ, ‘ಚಂದ್ರನ ಮೇಲೆ ನೀರಿದೆ ಎಂದು ಕಂಡುಹಿಡಿದವರಿಗೆ ನಮ್ಮ ತೋಟದಲ್ಲಿ ನೀರು ಎಲ್ಲಿದೆ ಎಂದು ಹೇಳಲು ಆಗುವುದಿಲ್ಲವೇ ಮೇಡಂ?’ ಎಂದು ಕೇಳಿದ. ಆ ತಿಂಗಳಷ್ಟೇ ಅವರ ಮನೆಯವರು 1,300 ಅಡಿ ಕೊರೆಸಿದ ಬೋರ್ ಫೇಲ್ ಆಗಿತ್ತು. ಬಾಹ್ಯಾಕಾಶ ಸಂಶೋಧನೆಯಿಂದ ಮನುಷ್ಯರ ಕಷ್ಟಗಳು ನಿಜವಾಗಿ ಪರಿಹಾರವಾಗುತ್ತವೆಯೇ? ಆ ಹಣವನ್ನು ನೇರವಾಗಿ ನೀರಿಗೇ ಹಾಕಿದ್ದರೆ ಒಳ್ಳೆಯದಿತ್ತಲ್ಲವೇ? ಮಕ್ಕಳಿಗೆ ಏನು ಹೇಳಲಿ?

ಉತ್ತರ: ಆ ಹುಡುಗ ಕೇಳಿದ್ದಕ್ಕೆ ಖಚಿತವಾದ ಉತ್ತರವಿದೆ. ಅದನ್ನೇ ಮೊದಲು ಹೇಳುತ್ತೇನೆ. ನಿಮ್ಮ ದೊಡ್ಡ ಪ್ರಶ್ನೆಗೆ ದಾರಿ ಅಲ್ಲಿಂದಲೇ ಸಿಗುತ್ತದೆ.

2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ–1ರಲ್ಲಿ ನಾಸಾದವರು ಕೊಟ್ಟಿದ್ದ ಒಂದು ರೋಹಿತಮಾಪಕವಿತ್ತು. ಚಂದ್ರನ ನೆಲಕ್ಕೆ ಬಿದ್ದು ಮರಳುವ ಬಿಸಿಲನ್ನು ಅದು ಬಿಡಿಬಿಡಿಯಾಗಿ ಅಳೆಯುತ್ತಿತ್ತು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ, ಮೂರು ಮೈಕ್ರೊಮೀಟರ್ ತರಂಗಾಂತರದ ಆಸುಪಾಸಿನಲ್ಲಿ, ಮರಳಿ ಬಂದ ಬೆಳಕು ಕಡಿಮೆಯಿತ್ತು. ಆ ಭಾಗವನ್ನು ಹೀರಿಕೊಳ್ಳುವುದು ನೀರು ಮತ್ತು ಅದರ ಹತ್ತಿರದ ಬಂಧು ಹೈಡ್ರಾಕ್ಸಿಲ್ (ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿ). 2009ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಆ ಶೋಧದ ತಿರುಳು ಇಷ್ಟೇ. ಆ ಬೆಳಕು ಓದಿದ್ದು ಚಂದ್ರನ ಮಣ್ಣಿನ ಮೇಲಿನ ಕೆಲವೇ ಮಿಲಿಮೀಟರ್ ಪದರವನ್ನು. ಒಂದು ಟನ್ ಮಣ್ಣನ್ನು ಹಿಂಡಿದರೆ ಹೆಚ್ಚೆಂದರೆ ಸುಮಾರು ಒಂದು ಲೀಟರ್ ನೀರು ಸಿಗಬಹುದು ಎಂಬುದು ಆಗಿನ ಅಂದಾಜು.

ನಿಮ್ಮ ವಿದ್ಯಾರ್ಥಿಯ ತೋಟದಲ್ಲಿ ಹುಡುಕಬೇಕಾದ ನೀರು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಶಿಲೆಗಳ ಸಾವಿರ ಅಡಿ ಕೆಳಗಿದೆ. ಅಲ್ಲಿಗೆ ಬೆಳಕು ಹೋಗುವುದಿಲ್ಲ. ಮೈಕ್ರೊವೇವ್ ಕಿರಣಗಳು ಮಣ್ಣಿನೊಳಗೆ ಒಂದಿಷ್ಟು ಸೆಂಟಿಮೀಟರ್ ಇಳಿಯುತ್ತವೆ, ಅಷ್ಟೇ. ಹಾಗಾಗಿ ಚಂದ್ರನ ನೀರನ್ನು ಕಂಡ ವಿಧಾನದಿಂದ ಕೋಲಾರದ ಅಂತರ್ಜಲವನ್ನು ಕಾಣಲು ಸಾಧ್ಯವೇ ಇಲ್ಲ. ಇದು ಯಾರದೋ ಉದಾಸೀನದಿಂದ ಆದದ್ದಲ್ಲ, ಭೌತವಿಜ್ಞಾನದ ಮಿತಿ. ಅವನಿಗೆ ಇದನ್ನು ಹೀಗೆಯೇ ಹೇಳಿ. ಆಕಾಶದಿಂದ ಎಲ್ಲವೂ ಕಾಣುತ್ತದೆ ಎಂಬ ನಂಬಿಕೆಯನ್ನು ಮಕ್ಕಳಲ್ಲಿ ಬೆಳೆಸಿದರೆ, ನಾಳೆ ಯಾರೋ ಒಂದು ಬಣ್ಣದ ನಕ್ಷೆ ತಂದು ‘ಉಪಗ್ರಹ ತೋರಿಸಿದ ಪಾಯಿಂಟ್’ ಎಂದು ಹಣ ಕೇಳಿದಾಗ ಅವರೇ ಮೋಸಹೋಗುತ್ತಾರೆ.

ಹಾಗಾದರೆ ಉಪಗ್ರಹ ಇಲ್ಲಿ ಏನೂ ಮಾಡಿಲ್ಲವೇ? ಮಾಡಿದೆ. ನಾನು ಭೂವಿಜ್ಞಾನಿ, ಈ ಸೀಮೆಯ ಬಂಡೆಗಳ ಮೇಲೆ ಉಪಗ್ರಹ ಚಿತ್ರ ಹಿಡಿದು ಓಡಾಡಿದವನು. ನಮ್ಮ ನೆಲದಲ್ಲಿ ನೀರು ನಿಲ್ಲುವುದು ಎರಡೇ ಕಡೆ: ಮೇಲ್ಭಾಗದಲ್ಲಿ ಕಲ್ಲು ಕೊಳೆತು ಸಡಿಲವಾದ ಪದರದಲ್ಲಿ ಮತ್ತು ಅದರ ಕೆಳಗಿನ ಗಟ್ಟಿ ಬಂಡೆಯ ಬಿರುಕುಗಳಲ್ಲಿ. ದೊಡ್ಡ ಬಿರುಕುಗಳು ನೆಲದ ಮೇಲೆ ಗುರುತು ಬಿಡುತ್ತವೆ. ಹಳ್ಳವೊಂದು ಇದ್ದಕ್ಕಿದ್ದಂತೆ ನೇರ ಗೆರೆ ಹಿಡಿದು ಹರಿಯುತ್ತದೆ, ಬೇಸಿಗೆಯಲ್ಲೂ ಹಸಿರಾಗಿರುವ ಮರಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ನೆಲದ ಮೇಲೆ ನಿಂತವನಿಗೆ ತೋರದ ಈ ಹತ್ತಾರು ಕಿಲೋಮೀಟರ್ ಉದ್ದದ ಗೆರೆಗಳು ನೂರಾರು ಕಿಲೋಮೀಟರ್ ಎತ್ತರದಿಂದ ಸ್ಪಷ್ಟವಾಗಿ ಕಾಣುತ್ತವೆ. 1988ರ ಮಾರ್ಚ್ 17ರಂದು ಸೋವಿಯತ್ ಒಕ್ಕೂಟದ ಬೈಕನೂರಿನಿಂದ ಹಾರಿದ ನಮ್ಮ ದೂರಸಂವೇದಿ ಉಪಗ್ರಹ ಐಆರ್‌ಎಸ್–1ಎ ಮತ್ತು ಅದರ ನಂತರದ ಉಪಗ್ರಹಗಳ ಚಿತ್ರಗಳಿಂದ, ರಾಜೀವ್ ಗಾಂಧಿ ರಾಷ್ಟ್ರೀಯ ಕುಡಿಯುವ ನೀರಿನ ಮಿಷನ್ ಅಡಿಯಲ್ಲಿ ಅಂತರ್ಜಲ ಸಾಧ್ಯತೆಯ ನಕ್ಷೆಗಳು ತಯಾರಾದವು. ಎಷ್ಟೋ ಹಳ್ಳಿಗಳ ಕುಡಿಯುವ ನೀರಿನ ಕೊಳವೆಬಾವಿಗಳಿಗೆ ಜಾಗ ಹುಡುಕಲು ಆ ನಕ್ಷೆಗಳು ನೆರವಾದವು.

ಅವುಗಳ ಮಿತಿಯೂ ತಿಳಿದಿರಲಿ. ಆ ನಕ್ಷೆಯ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಬೋರ್‌ನ ಅಗಲ ಆರೂವರೆ ಇಂಚು. ನಕ್ಷೆ ‘ಈ ಪಟ್ಟಿಯಲ್ಲಿ ಹುಡುಕಿ’ ಎನ್ನುತ್ತದೆ. ನಂತರ, ನೆಲ ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಅಳೆಯುವ ರೆಸಿಸ್ಟಿವಿಟಿ ಮೀಟರ್ ಇಟ್ಟು ನೆಲದ ಮೇಲೆ ಪರೀಕ್ಷೆ ಮಾಡಬೇಕು. ಮೇಲೆ ಕಂಡ ಬಿರುಕು ಕೆಳಗೆ ಜೇಡಿಯಿಂದ ಮುಚ್ಚಿರಬಹುದು, ನಡುವೆ ಕರಿಕಲ್ಲಿನ ಅಡ್ಡಗೋಡೆ ಎದ್ದಿರಬಹುದು. ಆಳ ಹೆಚ್ಚಿದಷ್ಟೂ ಬಂಡೆಯ ಭಾರಕ್ಕೆ ಬಿರುಕುಗಳು ಬಿಗಿಯಾಗುತ್ತವೆ. ಸಾವಿರ ಅಡಿ ದಾಟಿದ ಮೇಲೆ ನೀರು ಸಿಕ್ಕರೆ ಅದು ತಲೆಮಾರುಗಳ ಹಿಂದೆ ಇಂಗಿದ ನೀರು, ಒಮ್ಮೆ ತೆಗೆದರೆ ಬೇಗ ತುಂಬುವುದಿಲ್ಲ. ಆ ಮನೆಯವರು ಇನ್ನೊಂದು ಪಾಯಿಂಟ್ ಹಾಕಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ತಡೆದು, ಮೊದಲು ಜಿಲ್ಲಾ ಅಂತರ್ಜಲ ಕಚೇರಿಯ ಭೂವಿಜ್ಞಾನಿಗಳನ್ನು ಕಾಣಲು ಹೇಳಿ. ಇನ್ನೊಂದು ಬೋರ್‌ಗೆ ಸಾಲ ಮಾಡುವ ಮೊದಲು ಕೃಷಿ ಹೊಂಡದ ಲೆಕ್ಕ ಹಾಕಲಿ.

ಇಲ್ಲಿ ನನ್ನ ಮನಸ್ಸಿಗೆ ಬಹಳ ನೋವು ಕೊಡುವ ಸಂಗತಿಯೊಂದಿದೆ. ನೀರು ಹುಡುಕುವ ಜ್ಞಾನ ಬೆಳೆದಂತೆ ನೀರು ಉಳಿಸುವ ಜ್ಞಾನ ಬೆಳೆಯಲಿಲ್ಲ. ಒಂದೇ ರಾತ್ರಿಯಲ್ಲಿ ನೂರಾರು ಅಡಿ ಕೊರೆಯುವ ರಿಗ್‌ಗಳು ಬಂದವು, ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಬಂತು, ಟೊಮೆಟೊಗೆ ಮಾರುಕಟ್ಟೆ ಬಂತು. ಕೆರೆಗಳ ಕಾಲುವೆ ಮುಚ್ಚಿದವು, ತೂಬು ಕೆಟ್ಟಿತು, ಕೆರೆ ನೀರು ಹಂಚುವ ನೀರಗಂಟಿಗೆ ಕೆಲಸವಿಲ್ಲದಾಯಿತು, ಕೆರೆಯಂಗಳದ ತುಂಬ ಸೀಮೆಜಾಲಿ ಬೆಳೆಯಿತು, ದಿಣ್ಣೆಯ ಮೇಲೆಲ್ಲ ನೀಲಗಿರಿ ನಿಂತಿತು. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ವರ್ಷಕ್ಕೆ ಇಂಗುವುದಕ್ಕಿಂತ ಹೆಚ್ಚು ನೀರನ್ನು ನಾವು ಎತ್ತುತ್ತಿದ್ದೇವೆ ಎಂದು ಕೇಂದ್ರ ಅಂತರ್ಜಲ ಮಂಡಳಿ ಮತ್ತೆ ಮತ್ತೆ ಹೇಳಿದೆ. ಹೊಸ ಬೋರ್‌ಗಳನ್ನು ನಿಯಂತ್ರಿಸುವ ಕಾಯ್ದೆ ರಾಜ್ಯದಲ್ಲಿ 2011ರಿಂದ ಇದೆ. ಇಷ್ಟೆಲ್ಲ ತಿಳಿದ ನಂತರವೂ ರಿಗ್ ನಿಂತಿಲ್ಲ.

ಮನುಷ್ಯರ ಕಷ್ಟಗಳಲ್ಲಿ ಕೆಲವು ನಮಗೆ ಗೊತ್ತಿಲ್ಲದ್ದರಿಂದ ಬಂದವು, ಕೆಲವು ಗೊತ್ತಿದ್ದೂ ಮಾಡದ್ದರಿಂದ ಬಂದವು. ಬಾಹ್ಯಾಕಾಶ ವಿಜ್ಞಾನ ಮೊದಲನೆಯದಕ್ಕೆ ಬಹಳ ದೊಡ್ಡ ನೆರವು. ಎರಡನೆಯದಕ್ಕೆ ಅದು ಸಾಕ್ಷಿ ಹೇಳಬಲ್ಲದು, ಪರಿಹಾರ ಕೊಡಲಾರದು. ಬಹುಪಾಲು ಕಷ್ಟಗಳಲ್ಲಿ ಎರಡೂ ಬೆರೆತಿರುತ್ತವೆ.

ಸಾಕ್ಷಿ ಎಷ್ಟು ಬಲವಾದದ್ದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ, ತರಗತಿಯಲ್ಲಿ ಹೇಳಲು ಇದು ಬಹಳ ಚೆನ್ನಾಗಿದೆ. 2002ರಲ್ಲಿ ಅಮೆರಿಕ ಮತ್ತು ಜರ್ಮನಿ ಸೇರಿ ‘ಗ್ರೇಸ್’ ಎಂಬ ಜೋಡಿ ಉಪಗ್ರಹಗಳನ್ನು ಹಾರಿಸಿದವು. ಒಂದರ ಹಿಂದೆ ಒಂದು, ಸುಮಾರು 220 ಕಿ.ಮೀ. ಅಂತರದಲ್ಲಿ ಸುತ್ತುತ್ತಿದ್ದವು. ಅವು ಭೂಮಿಯ ಚಿತ್ರ ತೆಗೆಯುತ್ತಿರಲಿಲ್ಲ, ತಕ್ಕಡಿಯಂತೆ ಅದನ್ನು ತೂಗುತ್ತಿದ್ದವು. ಕೆಳಗೆ ದ್ರವ್ಯರಾಶಿ ಹೆಚ್ಚಿರುವ ಜಾಗ ಹತ್ತಿರವಾದಾಗ ಗುರುತ್ವ ಮುಂದಿನ ಉಪಗ್ರಹವನ್ನು ಮೊದಲು ಎಳೆಯುತ್ತದೆ, ಎರಡರ ನಡುವಿನ ಅಂತರ ಒಂದಿಷ್ಟು ಹಿಗ್ಗುತ್ತದೆ. ಆ ಬದಲಾವಣೆಯನ್ನು ಮೈಕ್ರೊಮೀಟರ್‌ಗಳ ಲೆಕ್ಕದಲ್ಲಿ ಅಳೆದು, ತಿಂಗಳಿನಿಂದ ತಿಂಗಳಿಗೆ ನೆಲದಡಿಯ ನೀರು ಎಷ್ಟು ಹೆಚ್ಚಿತು, ಎಷ್ಟು ಕುಗ್ಗಿತು ಎಂದು ಲೆಕ್ಕ ಹಾಕಿದರು. 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್‌ವರೆಗೆ ರಾಜಸ್ಥಾನ, ಪಂಜಾಬ್, ಹರಿಯಾಣಗಳ ಅಂತರ್ಜಲ 109 ಘನ ಕಿಲೋಮೀಟರ್‌ನಷ್ಟು ಕರಗಿದೆ ಎಂದು 2009ರಲ್ಲಿ ಮ್ಯಾಥ್ಯೂ ರೋಡೆಲ್ ಮತ್ತು ಸಂಗಡಿಗರು ಪ್ರಕಟಿಸಿದರು. ನಮ್ಮ ಅಳತೆಯಲ್ಲಿ ಅದು ಸುಮಾರು 3,850 ಟಿಎಂಸಿ. ಭರ್ತಿಯಾದ ಕೆಆರ್‌ಎಸ್ ಜಲಾಶಯಗಳು ಎಪ್ಪತ್ತೈದಕ್ಕೂ ಹೆಚ್ಚು! ಯಾವ ಬಾವಿಗೂ ಹಗ್ಗ ಇಳಿಸದೆ, ಯಾವ ಸರ್ಕಾರದ ಅನುಮತಿಯನ್ನೂ ಕೇಳದೆ ಬಂದ ಲೆಕ್ಕ ಇದು. ಆದರೆ ಈ ತಕ್ಕಡಿಗೆ ಲಕ್ಷಗಟ್ಟಲೆ ಚದರ ಕಿಲೋಮೀಟರ್ ಹರವು ಬೇಕು. ಸುಮಾರು 4,000 ಚದರ ಕಿ.ಮೀ.ನ ಕೋಲಾರ ಜಿಲ್ಲೆಯನ್ನು ಅದು ಬೇರೆಯಾಗಿ ತೂಗಲಾರದು.

ಒಂದು ತೋಟದ ಮಟ್ಟಕ್ಕೆ ಇಳಿಯಬಲ್ಲದ್ದು ಶಾಖ ಅಳೆಯುವ ಉಪಗ್ರಹಗಳು. ನೀರುಂಡ ಬೆಳೆ ಎಲೆಗಳಿಂದ ಆವಿ ಬಿಡುತ್ತದೆ, ಆವಿಯಾಗುವಾಗ ತಂಪಾಗುತ್ತದೆ. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ನೀರು ಕಟ್ಟಿದ ಹೊಲ ಪಕ್ಕದ ಬೀಳು ನೆಲಕ್ಕಿಂತ ಹಲವು ಡಿಗ್ರಿ ತಂಪಾಗಿರುತ್ತದೆ. ಅದನ್ನು ಅಳೆದರೆ ಯಾವ ಹೊಲದಿಂದ ಎಷ್ಟು ನೀರು ಆವಿಯಾಯಿತು ಎಂಬ ಅಂದಾಜು ಸಿಗುತ್ತದೆ. ಅಮೆರಿಕದ ಇಡಾಹೊ ರಾಜ್ಯದಲ್ಲಿ ನೀರಿನ ಹಕ್ಕಿನ ಆಡಳಿತಕ್ಕೇ ಈ ವಿಧಾನವನ್ನು ಬಳಸುತ್ತಾರೆ. ನಮ್ಮಲ್ಲೂ ತಾಂತ್ರಿಕವಾಗಿ ಸಾಧ್ಯ. ಹಂಚಿನಷ್ಟು ಚಿಕ್ಕ ಹಿಡುವಳಿಗಳಿಗೆ ಇನ್ನೂ ಸೂಕ್ಷ್ಮವಾದ ಚಿತ್ರಗಳು ಬೇಕಾಗುತ್ತವೆ, ಆದರೆ ಒಂದು ಪಂಚಾಯಿತಿಯ ಒಟ್ಟು ಲೆಕ್ಕಕ್ಕೆ ಈಗಿರುವುದೇ ಸಾಕು. ಮುಂದಿನ ಹತ್ತು ವರ್ಷಗಳಲ್ಲಿ ನಮ್ಮ ಜಿಲ್ಲೆಗಳಿಗೆ ಬಾಹ್ಯಾಕಾಶದಿಂದ ಬರಬಹುದಾದ ಅತಿ ದೊಡ್ಡ ಉಪಕಾರ ಇದೇ ಎಂದು ನಾನು ನಂಬಿದ್ದೇನೆ.

ಫ್ಲೋರೈಡ್ ವಿಷಯಕ್ಕೆ ಬಂದರೆ ಉಪಗ್ರಹ ಸಂಪೂರ್ಣ ಕುರುಡು. ಪಾವಗಡ, ಮುಳಬಾಗಿಲು, ಬಾಗೇಪಲ್ಲಿಯ ಕಡೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಮೂಡಿಸುವ ಆ ಲವಣ ಲೀಟರ್‌ಗೆ ಒಂದೂವರೆ ಮಿಲಿಗ್ರಾಂ ದಾಟಿದೆಯೇ ಎಂದು ತಿಳಿಯಲು ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕೊಡಲೇಬೇಕು.

ಈಗ ಹಣದ ಮಾತು. ಮಕ್ಕಳಿಗೆ ಅಂಕಿಗಳನ್ನೇ ಕೊಡಿ. ಚಂದ್ರಯಾನ–3ಕ್ಕೆ ಖರ್ಚಾದದ್ದು ಸುಮಾರು 615 ಕೋಟಿ ರೂಪಾಯಿ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತರುವ ಕೆ.ಸಿ. ವ್ಯಾಲಿ ಯೋಜನೆಯ ಮೊದಲ ಹಂತಕ್ಕೆ 1,300 ಕೋಟಿಗೂ ಹೆಚ್ಚು. ಈ ಜಿಲ್ಲೆಗಳಿಗೆ ನೀರು ಕೊಡುತ್ತೇವೆಂದು ಆರಂಭಿಸಿದ ಎತ್ತಿನಹೊಳೆಯ ಅಂದಾಜು 23,000 ಕೋಟಿ ದಾಟಿದೆ. 2024–25ರ ಕೇಂದ್ರ ಬಜೆಟ್‌ನಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು ಸುಮಾರು 13,000 ಕೋಟಿ, ಅಂದರೆ ಒಟ್ಟು ವೆಚ್ಚದ ನೂರು ರೂಪಾಯಿಯಲ್ಲಿ 27 ಪೈಸೆ. ಅದೇ ಬಜೆಟ್‌ನಲ್ಲಿ ಮನೆ ಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್‌ಗೆ ತೋರಿಸಿದ್ದು ಸುಮಾರು 70,000 ಕೋಟಿ. ರಾಕೆಟ್ ನಿಲ್ಲಿಸಿದರೆ ಕೊಳಾಯಿಗೆ ನೀರು ಬರುತ್ತದೆ ಎಂಬ ವಾದ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. 615 ಕೋಟಿ ಸಣ್ಣ ಮೊತ್ತ ಎಂದು ನಾನು ಹೇಳುತ್ತಿಲ್ಲ. ನೀರಿಗೆಂದೇ ಇಟ್ಟ ಅದರ ಹತ್ತಾರು ಪಟ್ಟು ಹಣ ಹೇಗೆ ಖರ್ಚಾಯಿತು ಎಂದು ಕೇಳುವುದು ಹೆಚ್ಚು ಫಲಕಾರಿ.

ತಿಳಿದರೆ ಸಾಲದು, ಮಾಡಬೇಕು ಎಂಬುದನ್ನೇ ಬೇರೆ ಕಡೆಯ ಅನುಭವವೂ ಹೇಳುತ್ತದೆ. 1999ರ ಅಕ್ಟೋಬರ್‌ನಲ್ಲಿ ಒಡಿಶಾಕ್ಕೆ ಬಡಿದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಆಗ ಇನ್ಸಾಟ್ ಉಪಗ್ರಹಗಳು ಆಕಾಶದಲ್ಲಿದ್ದವು, ಚಂಡಮಾರುತ ಬರುತ್ತಿರುವುದು ಕಾಣುತ್ತಿತ್ತು. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಬಂದಾಗ ಸತ್ತವರು ಐವತ್ತಕ್ಕಿಂತ ಕಡಿಮೆ. ಈ ಹದಿನಾಲ್ಕು ವರ್ಷಗಳಲ್ಲಿ ಮುನ್ಸೂಚನೆಯೂ ಉತ್ತಮವಾಗಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಒಡಿಶಾ ಊರೂರಿಗೆ ಆಶ್ರಯ ಕಟ್ಟಡ ಕಟ್ಟಿತ್ತು, ಯಾರ ಮನೆಯ ಅಜ್ಜಿಯನ್ನು ಯಾರು ಕರೆದೊಯ್ಯಬೇಕು ಎಂಬವರೆಗೆ ತಯಾರಿ ಮಾಡಿತ್ತು, ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿತ್ತು. ಓಝೋನ್ ಕಥೆಯೂ ಹೀಗೆಯೇ. ಅಂಟಾರ್ಕ್ಟಿಕಾದಲ್ಲಿ ಪದರ ತೆಳುವಾದದ್ದನ್ನು 1985ರಲ್ಲಿ ಜಗತ್ತಿಗೆ ತಿಳಿಸಿದ್ದು ನೆಲದ ಮೇಲಿನ ಉಪಕರಣ ಹಿಡಿದ ಬ್ರಿಟಿಷ್ ವಿಜ್ಞಾನಿಗಳು. ಅದು ಒಂದು ಖಂಡದಷ್ಟು ದೊಡ್ಡದು ಎಂದು ಚಿತ್ರ ಸಮೇತ ತೋರಿಸಿದ್ದು ನಿಂಬಸ್–7 ಉಪಗ್ರಹ. ಎರಡೇ ವರ್ಷಗಳಲ್ಲಿ, ಓಝೋನ್ ನಾಶಮಾಡುವ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದವಾಯಿತು.

ನಮ್ಮ ರಾಜ್ಯದ ಬರದಲ್ಲಿ ಇದರ ವಿರುದ್ಧವಾದದ್ದನ್ನೂ ಕಂಡೆವು. 2023ರಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಬರ ಘೋಷಿಸುವ ಕೇಂದ್ರದ ಕೈಪಿಡಿಯಲ್ಲಿ ಮಳೆಯ ಜೊತೆಗೆ ಉಪಗ್ರಹ ಅಳೆಯುವ ಬೆಳೆಯ ಹಸಿರಿನ ಸೂಚ್ಯಂಕವೂ ಒಂದು ಮಾನದಂಡ. ರಾಗಿ ಹೊಲ ಒಣಗಿದ್ದು ಆಕಾಶದಿಂದಲೂ ದಾಖಲಾಗಿತ್ತು. ಆದರೂ ಪರಿಹಾರದ ಹಣಕ್ಕಾಗಿ ರಾಜ್ಯವು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. 18,000 ಕೋಟಿಗೂ ಹೆಚ್ಚು ಕೇಳಿದ್ದಕ್ಕೆ ಏಪ್ರಿಲ್ ಕೊನೆಯಲ್ಲಿ ಸುಮಾರು 3,450 ಕೋಟಿ ಬಿಡುಗಡೆಯಾಯಿತು. ಹೊಲ ಒಣಗಿದ ದಿನ ಮತ್ತು ರೈತನ ಖಾತೆಗೆ ಹಣ ಬಿದ್ದ ದಿನದ ನಡುವಿನ ಆ ತಿಂಗಳುಗಳನ್ನು ಯಾವ ಉಪಗ್ರಹವೂ ಕಡಿಮೆ ಮಾಡಲಾರದು.

ಬಾಹ್ಯಾಕಾಶಕ್ಕಾಗಿ ಬೆಳೆಸಿದ ತಂತ್ರಜ್ಞಾನ ನೆಲಕ್ಕೆ ಇಳಿಯುವುದೂ ಉಂಟು. ಸಿಲಿಕಾನ್ ಸೌರಕೋಶ 1954ರಲ್ಲಿ ಹುಟ್ಟಿದಾಗ ಅದರ ಬೆಲೆಗೆ ಭೂಮಿಯ ಮೇಲೆ ಗಿರಾಕಿಗಳೇ ಇರಲಿಲ್ಲ. ಬೇರೆ ದಾರಿಯಿಲ್ಲದೆ ಅದನ್ನು ಕೊಂಡು ಸಾಕಿದ್ದು ಉಪಗ್ರಹಗಳು, ಅವುಗಳಲ್ಲಿ ಮೊದಲನೆಯದು 1958ರ ವ್ಯಾನ್‌ಗಾರ್ಡ್–1. ಅದೇ ಕೋಶದ ವಂಶ ಇಂದು ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಆಗಿದೆ. ಮಳೆ ನಂಬಿ ಶೇಂಗಾ ಹಾಕಿ ಸೋತ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಬರುತ್ತಿದೆ. ಭೂಮಿಯಿಲ್ಲದವರಿಗೆ ಮಾತ್ರ ಕೂಲಿಯೂ ಹೋಯಿತು, ಕುರಿ ಮೇಯಿಸುವ ಬಯಲೂ ಹೋಯಿತು. ಅವರ ಪಾಲು ಏನೆಂದು ಯೋಜನೆ ಮಾಡುವಾಗಲೇ ಕೇಳಬೇಕಿತ್ತು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳ ಮೂತ್ರ, ಬೆವರು, ಉಸಿರಿನ ತೇವವನ್ನೆಲ್ಲ ಶುದ್ಧೀಕರಿಸಿ ಶೇಕಡಾ 98ರಷ್ಟನ್ನು ಮತ್ತೆ ಬಳಸುತ್ತಾರೆ, ಅದನ್ನೇ ಕುಡಿಯುತ್ತಾರೆ. ಕೋಲಾರದ ಕೆರೆಗಳಿಗೆ ಬರುವ ನೀರು ಎರಡನೇ ಹಂತದ ಸಂಸ್ಕರಣೆಗೇ ನಿಂತಿದೆ, ಮೂರನೇ ಹಂತ ಬೇಕೆಂದು ಇಲ್ಲಿನ ಜನ ಮೊದಲಿನಿಂದ ಕೇಳುತ್ತಿದ್ದಾರೆ. ಆ ಜ್ಞಾನಕ್ಕಾಗಿ ನಾವು ಬಾಹ್ಯಾಕಾಶದ ಕಡೆ ನೋಡಬೇಕಾಗಿಯೂ ಇಲ್ಲ. ಸಿಂಗಪುರ 2003ರಿಂದಲೇ ಚರಂಡಿ ನೀರನ್ನು ಕುಡಿಯುವ ಮಟ್ಟಕ್ಕೆ ಶುದ್ಧಗೊಳಿಸುತ್ತಿದೆ. ಇಲ್ಲಿ ಕೊರತೆಯಾಗಿರುವುದು ಹಣ ಮತ್ತು ನಿರ್ಧಾರ.

ಇಷ್ಟು ಹೇಳಿದ ಮೇಲೆ ಚಂದ್ರನ ವಿಷಯಕ್ಕೆ ಪ್ರಾಮಾಣಿಕವಾಗಿ ಮರಳಬೇಕು. ಮೇಲೆ ಹೇಳಿದ ಉಪಕಾರಗಳು ಬಹುತೇಕ ಭೂಮಿಯನ್ನು ನೋಡುವ ಉಪಗ್ರಹಗಳಿಂದ ಬಂದವು. ಚಂದ್ರನಿಗೋ ಮಂಗಳನಿಗೋ ಹೋಗುವುದರಿಂದ ಶ್ರೀನಿವಾಸಪುರದ ಮಾವಿನ ತೋಪಿಗೆ ಏನೂ ಇಳಿದು ಬರುವುದಿಲ್ಲ, ಬರುತ್ತದೆ ಎಂದು ಮಕ್ಕಳಿಗೆ ಹೇಳಬೇಡಿ. ತಿಳಿಯಬೇಕೆಂಬ ಹಂಬಲಕ್ಕೆ ಅಷ್ಟು ದೂರ ಹೋಗುತ್ತೇವೆ, ಆ ಹಂಬಲಕ್ಕೆ ತನ್ನದೇ ಬೆಲೆಯಿದೆ ಎಂದು ಹೇಳಿ. ಈ ಸೀಮೆಗೆ ಅದು ಹೊಸದೂ ಅಲ್ಲ. ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿ ಬಂಡೆಯನ್ನೂ ತೂರಿ ಹೋಗುವ ನ್ಯೂಟ್ರಿನೊ ಕಣಗಳ ಸುಳಿವನ್ನು 1965ರಲ್ಲಿ ಜಗತ್ತಿನಲ್ಲೇ ಮೊದಲಿಗರ ಸಾಲಿನಲ್ಲಿ ಹಿಡಿದರು. ಗೌರಿಬಿದನೂರಿನ ಬಯಲಿನಲ್ಲಿ ಸಾಲಾಗಿ ನಿಂತ ಆಂಟೆನಾಗಳು 1970ರ ದಶಕದಿಂದ ಆಕಾಶದ ರೇಡಿಯೊ ಅಲೆಗಳನ್ನು ಆಲಿಸುತ್ತಿವೆ, 1997ರಿಂದ ಅಲ್ಲಿನ ಸೌರ ರೇಡಿಯೊ ದೂರದರ್ಶಕ ಸೂರ್ಯನ ಹೊರವಲಯವನ್ನು ಗಮನಿಸುತ್ತಿದೆ. ಶುದ್ಧ ಕುತೂಹಲದ ಕೆಲಸ. ಆದರೆ 1989ರ ಮಾರ್ಚ್‌ನಲ್ಲಿ ಸೌರ ಬಿರುಗಾಳಿಯೊಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸುಮಾರು 60 ಲಕ್ಷ ಜನರನ್ನು ಒಂಬತ್ತು ಗಂಟೆ ಕತ್ತಲಲ್ಲಿ ಇಟ್ಟ ನಂತರ, ಸೂರ್ಯನನ್ನು ಗಮನಿಸುವುದು ವಿದ್ಯುತ್ ಇಲಾಖೆಗಳ ಕಾಳಜಿಯೂ ಆಯಿತು. ಸಾಧ್ಯವಾದರೆ ಮಕ್ಕಳನ್ನು ಗೌರಿಬಿದನೂರಿಗೆ ಕರೆದುಕೊಂಡು ಹೋಗಿ, ಮೊದಲೇ ಅನುಮತಿ ಪಡೆದುಕೊಳ್ಳಿ.

ತರಗತಿಯಲ್ಲಿ ಇನ್ನೂ ಒಂದು ಕೆಲಸ ಮಾಡಿಸಬಹುದು. ಶಾಲೆಯ ಕಂಪ್ಯೂಟರ್‌ನಲ್ಲಿ ಗೂಗಲ್ ಅರ್ತ್ ಅಥವಾ ಇಸ್ರೋದ ‘ಭುವನ್’ ತೆರೆದು ನಿಮ್ಮೂರಿನ ಕೆರೆಯನ್ನು ಹುಡುಕಿಸಿ. ಹಳೆಯ ಚಿತ್ರಗಳಲ್ಲಿ, ಚಿತ್ರ ಸಿಗುವ ಪ್ರತಿ ವರ್ಷದ ಬೇಸಿಗೆಯಲ್ಲಿ ನೀರಿನ ಹರವು ಎಷ್ಟಿತ್ತು ಎಂದು ಗ್ರಾಫ್ ಹಾಳೆಯ ಚೌಕಗಳಲ್ಲಿ ಎಣಿಸಿ ಬರೆಯಲಿ. ‘ದಿಶಾಂಕ್’ ಆ್ಯಪ್‌ನಲ್ಲಿ ಕೆರೆಗೆ ಬರುವ ರಾಜಕಾಲುವೆ ಯಾವ ಯಾವ ಸರ್ವೆ ನಂಬರ್‌ಗಳ ಪಕ್ಕದಲ್ಲಿ ಹಾದುಹೋಗುತ್ತದೆ ಎಂದು ನೋಡಿ, ಅದೇ ದಾರಿಯಲ್ಲಿ ನಡೆದು ಎಲ್ಲಿ ಮುಚ್ಚಿದೆ ಎಂದು ಗುರುತು ಮಾಡಲಿ. ಶಾಲೆಯ ಅಂಗಳದಲ್ಲಿ ಮಳೆಮಾಪಕ ಇಡಿ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್. ಕೋಲಾರದ ವರ್ಷದ ಮಳೆ ಸುಮಾರು 700 ಮಿಲಿಮೀಟರ್, ಅಂದರೆ ಎಕರೆಗೆ 28 ಲಕ್ಷ ಲೀಟರ್. ತಮ್ಮ ಮನೆಯ ಹೊಲದ ಲೆಕ್ಕವನ್ನು ಪ್ರತಿಯೊಬ್ಬರೂ ಹಾಕಲಿ. ಅಟಲ್ ಭೂಜಲ ಯೋಜನೆಯಡಿ ಈ ಜಿಲ್ಲೆಗಳ ಹಲವು ಗ್ರಾಮ ಪಂಚಾಯಿತಿಗಳಲ್ಲಿ ನೀರಿನ ಬಜೆಟ್ ತಯಾರಿಸಿದ್ದಾರೆ. ನಿಮ್ಮ ಪಂಚಾಯಿತಿಯಲ್ಲಿ ಅಂಥದ್ದಿದ್ದರೆ ಪ್ರತಿಯನ್ನು ಕೇಳಿ ಪಡೆಯಿರಿ, ಮಕ್ಕಳ ಲೆಕ್ಕದ ಪಕ್ಕದಲ್ಲಿಟ್ಟು ಹೋಲಿಸಿ. ವ್ಯತ್ಯಾಸ ಕಂಡರೆ ಮಕ್ಕಳ ಗ್ರಾಮಸಭೆಯಲ್ಲಿ ಅವರೇ ಎದ್ದು ನಿಂತು ಕೇಳಲಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಳ್ಳಿ.